ಮೊದಲ ಕೊಡದ ನೀರು

ಒಂದಿಡೀ ಓಣಿಯ ಮುಂದೆ ನಿಂತು, ನಳದ ನೀರನ್ನು ಒಂದೇ ಉಸಿರಿಗೆ ಕುಡಿದು, ಗ್ಲಾಸನ್ನು ಬೋರಲು ಹಿಡಿದು ತೋರಿಸಿ, ಮೀಸೆ ಒರೆಸಿಕೊಂಡವನು ನಾನು. ಆಗ ನನಗೆ ಮೀಸೆ ಸರಿಯಾಗಿ ಬಂದಿರಲೇ ಇಲ್ಲ. ಇಲ್ಲದ ಮೀಸೆಯನ್ನೇ ಒರೆಸಿದೆ. ನಾನು ಮಾಡಿದ ದಡ್ಡತನಗಳನ್ನೆಲ್ಲ ಒಂದರ ಹಿಂದೊಂದು ಜೋಡಿಸಿದರೆ ಕುಡಚಿ ಸ್ಟೇಷನ್ನಿನಿಂದ ರಾಯಬಾಗದವರೆಗೆ ಗಾಡಿಯಾದೀತು. ಅದಕ್ಕೆ ಎಂಜಿನ್ ಮಾತ್ರ ಇದೇ.

ಊರಿನ ಹೆಸರು ಬೇಡ. ರಾಯಬಾಗ, ಅಥಣಿ ಕಡೆಯ ಒಂದು ಸಣ್ಣ ಊರು ಎಂದುಕೊಳ್ಳಿ. ಕೃಷ್ಣೆಯಿಂದ ಎತ್ತಿದ ನೀರಿಗೆ ಪಟಿಕ ಹಾಕಿ, ಮರಳಿನಲ್ಲಿ ಸೋಸಿ, ಬ್ಲೀಚಿಂಗ್ ಪುಡಿ ಬೆರೆಸಿ ದಿನ್ನೆಯ ಮೇಲಿನ ಟಾಕಿಗೆ ಏರಿಸುತ್ತಿದ್ದರು. ಅಲ್ಲಿಂದ ಒಂದೊಂದು ಓಣಿಗೆ ನಾಲ್ಕು ದಿನಕ್ಕೊಮ್ಮೆ, ತಾಸು ಹೊತ್ತು ನೀರು. ಬ್ಲೀಚಿಂಗಿನ ಅಂಶ ಮನೆಯ ನಳದವರೆಗೂ ಉಳಿದಿದೆಯೇ ಎಂದು ನೋಡುವುದು ನನ್ನ ಕೆಲಸ. ಗುತ್ತಿಗೆಯ ಕೆಲಸ. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧಿಯ ನಾಲ್ಕು ಹನಿ ಬಿಡಬೇಕು. ನೀರು ಹಳದಿಯಾದರೆ ಬ್ಲೀಚಿಂಗ್ ಇದೆ, ಕುಡಿಯಬಹುದು. ಆಗದಿದ್ದರೆ ಇಲ್ಲ. ಇಷ್ಟು ಮಾಡಲು ಬಿ.ಎಸ್ಸಿ. ಯಾಕೆ ಬೇಕು ಎಂದು ನನ್ನ ಅವ್ವ ಕೇಳುತ್ತಿದ್ದಳು. ನನಗೂ ಗೊತ್ತಿರಲಿಲ್ಲ.

ನನ್ನ ಕೆಲಸಕ್ಕೆ ಒಂದು ಪದ್ಧತಿ ಇತ್ತು. ನೀರು ಬಿಡುವ ವಾಲ್‌ಮನ್‌ನನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಚಾಚಾ ಓಣಿಯ ವಾಲ್ವ್ ತಿರುಗಿಸಿ ನನಗೆ ಮಿಸ್ಡ್ ಕಾಲ್ ಕೊಡುತ್ತಿದ್ದ. ಆಗ ನಾನು ಹಾಸಿಗೆಯಿಂದ ಏಳುತ್ತಿದ್ದೆ. ಮುಖ ತೊಳೆದು, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಪೇಪರಿನಲ್ಲಿ ಕ್ರಿಕೆಟ್ ಓದಿ ಓಣಿ ಮುಟ್ಟುವ ಹೊತ್ತಿಗೆ ನೀರು ಬಂದು ಅರ್ಧ ತಾಸಾಗಿರುತ್ತಿತ್ತು. ಕೊಳವೆ ಹಿಡಿದರೆ ಚಿನ್ನದಂಥ ಹಳದಿ. ನಾನು ಅದನ್ನು ಹೆಣ್ಣುಮಕ್ಕಳಿಗೆ ತೋರಿಸಿ ಮುಂದಿನ ಓಣಿಗೆ ಹೋಗುತ್ತಿದ್ದೆ.

ಆ ಬೇಸಿಗೆಯಲ್ಲಿ ಒಂದೇ ಓಣಿಯಲ್ಲಿ ಕಾಮಾಲೆ ಶುರುವಾಯಿತು. ಮೊದಲು ಒಬ್ಬ ಟೇಲರ್, ಆಮೇಲೆ ಇಬ್ಬರು ಶಾಲೆಯ ಮಕ್ಕಳು. ಮುಂದಿನ ಸಲ ನಾನು ಹೋದಾಗ ಹೆಣ್ಣುಮಕ್ಕಳು ಕೊಡ ಬಿಟ್ಟು ನನ್ನನ್ನು ಸುತ್ತುವರಿದರು. ಎಲ್ಲರಿಗಿಂತ ಮುಂದಿದ್ದವಳು ಓಣಿಯ ಹಿಟ್ಟಿನ ಗಿರಣಿಯವಳು.

"ಏನಲೇ, ಬಂದಾಗೊಮ್ಮೆ ಹಳದಿ ನೀರ ತೋರಿಸಿ ಹೋಗ್ತಿ. ಇಲ್ಲಿ ಹುಡುಗರ ಕಣ್ಣೂ ಹಳದಿ ಆಗ್ಯಾವ. ಅದೂ ಚೊಲೋನ ಏನ?"

ಎಲ್ಲರೂ ನಕ್ಕರು. ನನ್ನನ್ನು ನೋಡಿ ನಗುವುದನ್ನು ನಾನು ಸಹಿಸುತ್ತೇನೆ. ಆದರೆ ನಗಿಸುವವನು ನಾನೇ ಆಗಿರಬೇಕು. ಅದು ನನ್ನ ರೋಗ. ಏನೋ ಉತ್ತರ ಕೊಡಲು ಬಾಯಿ ತೆಗೆಯುವಷ್ಟರಲ್ಲಿ ಮೂಲೆಮನೆಯ ಮಾವಶಿ ಅಡ್ಡ ಬಂದಳು. ಓಣಿಯವರೆಲ್ಲ ಮಾವಶಿ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತಿದ್ದೆ. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸು, ಮಾತು ಕಡಿಮೆ.

"ಇವರ ಚಾಷ್ಟಿ ಬಿಡು ತಮ್ಮಾ. ನನ್ನ ಮಗಳು ಬಾಣಂತನಕ್ಕ ಬಂದಾಳ, ಏಳರಾಗ ಐತಿ. ಚೊಚ್ಚಲ. ಆಕಿಗೆ ಈ ನೀರ ಕೊಡಲೋ, ಬ್ಯಾಡೋ? ಅದೊಂದ ಹೇಳು."

ಬಾಗಿಲಲ್ಲಿ ಮಗಳು ನಿಂತಿದ್ದಳು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ನಾನು ಏನನ್ನುತ್ತೇನೋ ಎಂದು ನೋಡುತ್ತಿದ್ದಳು.

"ಬಿನಧಾಸ್ತ ಕೊಡ್ರಿ ಮಾವಶಿ. ಕೂಸ ಹುಟ್ಟಿದ ಮ್ಯಾಲ ನನ್ನ ಹೆಸರ ಇಡ್ರಿ," ಎಂದೆ. ಯಾರದೋ ಕೈಯಲ್ಲಿದ್ದ ಸ್ಟೀಲ್ ಗ್ಲಾಸು ಕಿತ್ತುಕೊಂಡು, ಹರಿಯುತ್ತಿದ್ದ ನಳಕ್ಕೆ ಹಿಡಿದು ಕುಡಿದೆ. ಮೀಸೆಯ ಕಥೆ ಆಗಲೇ ಹೇಳಿದ್ದೇನೆ. ಯಾರೋ ಸೀಟಿ ಹೊಡೆದರು. ನಾನು ಮಂತ್ರಿಯ ಹಾಗೆ ಕೈ ಮುಗಿದೆ.

ನನಗೆ ಏನೂ ಆಗಲಿಲ್ಲ. ದೊಡ್ಡ ಅನಾಹುತ ಅದೇ. ಒಂದು ವಾಂತಿ, ಒಂದು ಭೇದಿ ಆಗಿದ್ದರೂ ಸಾಕಿತ್ತು. ನಾಲ್ಕು ದಿನ ಬಿಟ್ಟು ಹೋದಾಗ ಗಿರಣಿಯವಳು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, "ಬೆಳ್ಳಗ ಅದಾವಬೇ, ಏನೂ ಆಗಿಲ್ಲ ಇವಂಗ" ಎಂದು ಓಣಿಗೆಲ್ಲ ಸಾರಿದಳು. ನೀರು ಕುದಿಸುತ್ತಿದ್ದ ಕೆಲವರು ಕುದಿಸುವುದನ್ನು ಬಿಟ್ಟರು. ನನ್ನ ಹೊಟ್ಟೆ ಆ ಓಣಿಯ ಪ್ರಯೋಗಾಲಯವಾಯಿತು.

ಕಾಮಾಲೆ ನಿಲ್ಲಲಿಲ್ಲ. ಮತ್ತೊಂದು ಮನೆ, ಮತ್ತೆರಡು. ಸರಕಾರಿ ದವಾಖಾನೆಯ ಡಾಕ್ಟರ್ ನನ್ನನ್ನು ಕರೆಸಿದರು. ಕುಳಿತುಕೋ ಎನ್ನಲಿಲ್ಲ.

"ಇದು ಇವತ್ತ ಕುಡದು ನಾಳೆ ಬರೂ ಬ್ಯಾನಿ ಅಲ್ಲ. ಕುಡದಾದ ಮ್ಯಾಲ ವಾರಗಟ್ಟಲೆ ಒಳಗ ಕುಂತಿರತೈತಿ. ನೀ ಗ್ಲಾಸ ಹಿಡದು ನಾಟಕ ಮಾಡಿದೆಲ್ಲ, ಅದರಿಂದ ಏನೂ ಗೊತ್ತಾಗೂದಿಲ್ಲ. ಬಸರಿ ಹೆಣ್ಣಮಕ್ಕಳಿಗೆ ಇದು ಭಾಳ ಕೆಟ್ಟ. ಆ ಓಣ್ಯಾಗ ಯಾರರ ಅದಾರೇನು?"

"ಒಬ್ಬಾಕಿ ಅದಾಳ್ರಿ," ಎಂದೆ.

ಅದನ್ನು ಹೇಳುವಾಗ ಏನಾದರೂ ಅನ್ನಿಸಿತೇ ಎಂದು ಆಮೇಲೆ ಬಹಳ ಸಲ ನೆನಪಿಸಿಕೊಂಡಿದ್ದೇನೆ. ಏನೂ ಅನ್ನಿಸಲಿಲ್ಲ. ಬಸ್ಸಿನಲ್ಲಿ ಬಹಳ ಹೊತ್ತು ಕುಳಿತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಇಡೀ ಮೈಗೆ ಹಿಡಿದಿತ್ತು. ಆ ಬೇಸಿಗೆ ಮುಗಿಯುವವರೆಗೂ ಬಿಡಲಿಲ್ಲ.

ಟಾಕಿಯ ನೀರು ನೋಡಿದೆ, ಹಳದಿ. ಓಣಿಯ ನೀರು ನೋಡಿದೆ, ಹಳದಿ. ಔಷಧಿಯ ಹೊಸ ಬಾಟಲಿ ಒಡೆದೆ, ಅದರಲ್ಲೂ ಹಳದಿ. ಇನ್ನು ಟೇಲರನ ಅಂಗಡಿಯಲ್ಲಿ ಕಾಮಾಲೆ ಹುಟ್ಟಿರಬೇಕು ಎಂದು ನಾನು ನಮ್ಮ ನೀರಿನ ಕಚೇರಿಯ ಎಂಜಿನಿಯರ್ ಸಾಹೇಬರಿಗೆ ಗಂಭೀರವಾಗಿ ಹೇಳಿದ್ದುಂಟು.

ನಿಜ ಗೊತ್ತಾದದ್ದು ನನ್ನ ಬುದ್ಧಿಯಿಂದಲ್ಲ. ಒಂದು ಬೆಳಿಗ್ಗೆ ಅವ್ವನ ಜೊತೆ ಜಗಳವಾಗಿ ಬೇಗ ಮನೆ ಬಿಟ್ಟೆ. ಚಹಾದಂಗಡಿ ಇನ್ನೂ ತೆರೆದಿರಲಿಲ್ಲ. ಹೋಗಲು ಬೇರೆ ಜಾಗವಿಲ್ಲದೆ, ಅವತ್ತು ನೀರಿನ ದಿನವಿದ್ದ ಆ ಓಣಿಗೇ ಹೋಗಿ ಮಾವಶಿಯ ಕಟ್ಟೆಯ ಮೇಲೆ ಕುಳಿತೆ. ಮಿಸ್ಡ್ ಕಾಲ್ ಬರುವುದಕ್ಕೆ ಮೊದಲೇ ನಾನು ಓಣಿಯಲ್ಲಿದ್ದದ್ದು ಅದೇ ಮೊದಲ ಸಲ.

ಆ ಓಣಿ ತುಸು ಎತ್ತರದಲ್ಲಿತ್ತು. ನೀರಿಗೆ ಜೋರು ಸಾಲದೆಂದು ಜನ ಮನೆಯ ಮುಂದೆ ಮೊಳಕಾಲುದ್ದ ತಗ್ಗು ತೋಡಿ ನಳವನ್ನು ಅದರೊಳಗೆ ಇಳಿಸಿದ್ದರು. ನೀರು ಬಾರದ ದಿನಗಳಲ್ಲಿ ಆ ತಗ್ಗಿಗೆ ಮುಸುರೆ ತೊಳೆದ ನೀರು, ಮಕ್ಕಳನ್ನು ತೊಳೆಸಿದ ನೀರು, ಪಕ್ಕದ ಗಟಾರದ ಪಸೆ ಎಲ್ಲ ಇಳಿಯುತ್ತಿತ್ತು. ಎಷ್ಟೋ ನಳಗಳಿಗೆ ತಿರುಗಿಸಿ ಮುಚ್ಚುವ ಚಾವಿಯೇ ಇರಲಿಲ್ಲ, ಬಾಯಿ ತೆರೆದೇ ಇರುತ್ತಿದ್ದವು. ಇದನ್ನೆಲ್ಲ ನಾನು ಬಂದಾಗೊಮ್ಮೆ ನೋಡಿದ್ದೆ. ಆ ತಗ್ಗುಗಳಲ್ಲಿ ಒಮ್ಮೆ ಬೈಕ್ ಸಮೇತ ಬಿದ್ದೂ ಇದ್ದೆ.

ನಳ ಮೊದಲು ಉಸ್ ಎಂದು ಗಾಳಿ ಬಿಟ್ಟಿತು. ಮಾವಶಿ ತಗ್ಗಿನಲ್ಲಿ ನಿಂತ ನೀರನ್ನು ಡಬ್ಬಿಯಿಂದ ಎತ್ತಿ ಚೆಲ್ಲಿ, ನಳದ ಬಾಯಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ನೀರು ಬಂದ ಕೂಡಲೇ ತಾಮ್ರದ ತಂಬಿಗೆ ಹಿಡಿದಳು. ಆಮೇಲೆ ಕುಡಿಯುವ ನೀರಿನ ಕೊಡ. ನಾನು ಕೊಳವೆ ಚಾಚಿದೆ.

"ಏ, ತಡಿ ಸ್ವಲ್ಪ. ಮೊದಲನೇದು ದೇವರ್ದು. ಆಮ್ಯಾಲ ಕುಡಿಯೂದು. ಆಮ್ಯಾಲ ನಿಂದು."

ಎಲ್ಲರ ಮನೆಯಲ್ಲೂ ಅದೇ ಕ್ರಮ. ಮೊದಲ ನೀರು ಮೀಸಲು, ಯಾರೂ ಮುಟ್ಟಿರದ ನೀರು. ಅದು ದೇವರಿಗೆ ಮತ್ತು ಕುಡಿಯಲು. ನಂತರದ್ದು ಅಡುಗೆಗೆ, ಸ್ನಾನಕ್ಕೆ. ಕೊನೆಯದು ಬಟ್ಟೆಗೆ, ದನಕ್ಕೆ. ನಮ್ಮ ಮನೆಯಲ್ಲೂ ಹಾಗೇ ಇತ್ತು.

ಕೊಡ ತುಂಬಿದ ಮೇಲೆ ಎರಡು ಗುಟುಕಿನಷ್ಟು ಕೊಳವೆಗೆ ಹಿಡಿದೆ. ಹನಿ ಬಿಟ್ಟೆ. ಬಣ್ಣ ಬರಲಿಲ್ಲ. ಔಷಧಿ ಹಳಸಿರಬೇಕೆಂದು ಬಾಟಲಿ ಅಲ್ಲಾಡಿಸಿದೆ, ಬಿಸಿಲಿಗೆ ಹಿಡಿದೆ, ಕಂಪನಿಯವರಿಗೆ ಬೈದೆ. ಮತ್ತೊಂದು ಮನೆಯ ನೀರು ಹಿಡಿದೆ. ಅದೂ ಬೆಳ್ಳಗೆ. ಕೈಯಲ್ಲಿ ಕೊಳವೆ ಹಿಡಿದುಕೊಂಡು ಹಾಗೇ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅದೇ ನಳದ ನೀರು ಹಿಡಿದರೆ ತಿಳಿ ಹಳದಿ. ನಾನು ಯಾವಾಗಲೂ ಬರುವ ಹೊತ್ತಿಗೆ ಹಿಡಿದಾಗ ಚಿನ್ನ.

ಆಗ ಹೊಳೆಯಿತು. ಚಾಚಾ ವಾಲ್ವ್ ಬಂದ್ ಮಾಡಿದ ಮೇಲೆ ಪೈಪಿನಲ್ಲಿದ್ದ ನೀರು ಇಳಿಜಾರಿನ ಮನೆಗಳಿಗೆ ಜಾರಿಹೋಗುತ್ತದೆ. ಮೇಲಿನ ಪೈಪು ಖಾಲಿಯಾಗುತ್ತ ಎಲ್ಲಿಂದಾದರೂ ಎಳೆದುಕೊಳ್ಳುತ್ತದೆ. ನಳದ ಬಾಯಿ ಗಾಳಿಯಲ್ಲಿದ್ದರೆ ಗಾಳಿ, ತಗ್ಗಿನ ನೀರಿನಲ್ಲಿ ಮುಳುಗಿದ್ದರೆ ಆ ನೀರು. ಅದರ ಮೇಲೆ ಕೆಲವರು ಕೊನೆಯ ಹನಿಯನ್ನೂ ಬಿಡದೆ ಮೋಟರ್ ಹಚ್ಚಿ ಎಳೆಯುತ್ತಿದ್ದರು. ಹೀಗೆ ಸೇರಿದ ಕೊಳೆ ನಾಲ್ಕು ದಿನ ಪೈಪಿನಲ್ಲಿ ಕುಳಿತು, ಮುಂದಿನ ಸಲ ಎಲ್ಲಕ್ಕಿಂತ ಮೊದಲು ಹೊರಗೆ ಬರುತ್ತಿತ್ತು. ಓಣಿ ಅದನ್ನೇ ಮೀಸಲೆಂದು ಎತ್ತಿಟ್ಟುಕೊಂಡು ಕುಡಿಯುತ್ತಿತ್ತು. ಶುದ್ಧ ನೀರಿನಲ್ಲಿ ಎಮ್ಮೆ ತೊಳೆಯುತ್ತಿತ್ತು. ಅವತ್ತು ನಾನು ಗ್ಲಾಸಿನಲ್ಲಿ ಹಿಡಿದು ಕುಡಿದದ್ದು ಎಮ್ಮೆಯ ಪಾಲಿನ ನೀರು.

ನೀರಿನಲ್ಲಿ ಹೊಲಸು ಸೇರಿದೆಯೇ ನೋಡಲು ಇನ್ನೊಂದು ಸಣ್ಣ ಬಾಟಲಿ ಇರುತ್ತದೆ. ತುಂಬಿಸಿ ಬೆಚ್ಚಗೆ ಇಟ್ಟರೆ, ಹೊಲಸಿದ್ದರೆ ಕಪ್ಪಾಗುತ್ತದೆ. ಮೊದಲ ನೀರಿನದೊಂದು, ಅರ್ಧ ತಾಸಿನ ಮೇಲಿನದೊಂದು ತುಂಬಿಸಿ ನಮ್ಮ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಮರುದಿನ ಮೊದಲನೆಯದು ಡಾಂಬರಿನಂತಾಗಿತ್ತು. ಅವ್ವ ಅದನ್ನು ಹಳೇ ಕೆಮ್ಮಿನ ಔಷಧಿ ಎಂದು ತಿಪ್ಪೆಗೆ ಎಸೆಯುವುದರಲ್ಲಿದ್ದಳು.

ಎಂಜಿನಿಯರ್ ಸಾಹೇಬರ ಟೇಬಲ್ಲಿನ ಮೇಲೆ ಎರಡೂ ಬಾಟಲಿ ಇಟ್ಟು ಎಲ್ಲ ಹೇಳಿದೆ. ಪೈಪಿನ ಕೊನೆಯ ತುದಿ ಬಿಚ್ಚಿ ಮೊದಲ ನೀರನ್ನು ಗಟಾರಕ್ಕೆ ಬಿಡಬೇಕು, ತಗ್ಗು ಮುಚ್ಚಿಸಬೇಕು ಎಂದೆ. ಅವರು ಕಪ್ಪು ಬಾಟಲಿಯನ್ನು ಪೆನ್ನಿನ ತುದಿಯಿಂದ ದೂರ ಸರಿಸಿದರು.

"ಕೊನೀಗೆ ವಾಲ್ವ್ ಕೂಡಸೂದು ಮಂಜೂರಾಗಬೇಕು. ಅಲ್ಲೀತನಕ ಟಾಕ್ಯಾಗ ಬ್ಲೀಚಿಂಗ್ ಜಾಸ್ತಿ ಹಾಕಸ್ತೀನಿ. ನೀ ಓಣ್ಯಾಗ ಬಾಯಿ ಬಿಡಬ್ಯಾಡ. ಬ್ಯಾಸಿಗ್ಯಾಗ ನೀರ ಚೆಲ್ರಿ ಅಂದ್ರ ಜನ ಕಲ್ಲ ಒಗೀತಾರ."

ಕಲ್ಲಿನ ಭಯ ಅವರದು ಸುಳ್ಳಲ್ಲ. ಬ್ಲೀಚಿಂಗ್ ಹೆಚ್ಚಿತು, ನೀರು ವಾಸನೆ ಹೊಡೆಯಿತು, ಮೊದಲ ನೀರಿಗೆ ಮಾತ್ರ ಹನಿ ಬಿಟ್ಟರೆ ಆಗಲೂ ಬಣ್ಣ ಬರಲಿಲ್ಲ. ನಾನು ಬಾಯಿ ಬಿಟ್ಟೆ. ಮನೆಮನೆಗೆ ಹೋಗಿ ಮೊದಲ ಕೊಡ ಚೆಲ್ಲಿರಿ, ಕುದಿಸಿ ಕುಡಿಯಿರಿ ಎಂದೆ.

"ಯವ್ವಾ, ಮೊನ್ನೆ ಇದನ್ನ ಗಟಗಟ ಕುಡದ! ಇವತ್ತ ಚೆಲ್ಲಂತಾನ," ಎಂದಳು ಗಿರಣಿಯವಳು. "ಖರೆ ಹೇಳು, ಯಾವಾಗ ಕುಡಿದಿದ್ದಿ, ಆವತ್ತೋ ಇವತ್ತೋ?"

ಓಣಿ ಬಿದ್ದು ಬಿದ್ದು ನಕ್ಕಿತು. ಅಷ್ಟು ದಿನ ನಾನೇ ಕಲಿಸಿದ ನಗು. ನನ್ನ ಬಾಯಿಂದ ಬಂದ ಖರೆ ಮಾತೂ ಅವರಿಗೆ ಚಾಷ್ಟಿಯಾಗೇ ಕೇಳಿಸುತ್ತಿತ್ತು. ನಗದೇ ಇದ್ದವಳು ಮಾವಶಿ ಒಬ್ಬಳೇ. "ಹೂಂ" ಎಂದು ಒಳಗೆ ಹೋದಳು.

ಮುಂದಿನ ನೀರಿನ ದಿನ ನಾನು ಹ್ಯಾಕ್ಸಾ ಬ್ಲೇಡು, ಪಿಕಾಸಿ ತೆಗೆದುಕೊಂಡು ಹೋದೆ. ವಾಲ್ವ್ ತಿರುಗಿಸುವ ಮುಂಚೆ ನನಗಾಗಿ ಕಾಯಲು ಚಾಚಾನಿಗೆ ಹೇಳಿದ್ದೆ.

"ಸಾಹೇಬ್ರ ಹೇಳ್ಯಾರೇನು?" ಚಾಚಾ ಕೇಳಿದ.

"ಇಲ್ಲ."

"ಮತ್ತ?"

"ನನ್ನ ಕೆಲಸ ಹೋಗತೈತಿ. ನಿಂದಲ್ಲ. ನಾ ಸುಳ್ಳ ಹೇಳಿ ಬಿಡಿಸಿದೆ ಅಂತ ಹೇಳು."

"ಅದೇನ ಯಾರರ ನಂಬತಾರ ಬಿಡು," ಎಂದ ಚಾಚಾ.

ಓಣಿಯ ತುದಿಯಲ್ಲಿ ಪೈಪಿಗೆ ಬೂಚು ಬಡಿದು ಮುಚ್ಚಿದ್ದರು. ಅಗೆದೆ. ಮೊದಲು ಅಗೆದದ್ದು ಟೆಲಿಫೋನ್ ತಂತಿ. ನಾಲ್ಕು ಮನೆಯ ಫೋನು ಅವತ್ತಿಗೆ ಮುಗಿಯಿತು. ಎರಡನೆಯ ಸಲ ಪೈಪು ಸಿಕ್ಕಿತು. ಬೂಚು ಕೊಯ್ದು ತೆಗೆದು, ಎಲ್ಲ ನಳಗಳಿಗೂ ಚಿಂದಿ ತುರುಕಲು ಕೂಗಿ ಹೇಳಿ ಕೈ ಎತ್ತಿದೆ. ಚಾಚಾ ವಾಲ್ವ್ ತಿರುಗಿಸಿದ.

ಮೊದಲು ಗಾಳಿ. ಆಮೇಲೆ, ನಳಗಳಿಗೆ ಏರದೆ ಪೈಪಿನ ತಳದಲ್ಲಿ ಕುಳಿತಿದ್ದ ಕೊಳೆಯೆಲ್ಲ ಎದ್ದು, ಕರ್ರಗಿನ, ಕೂದಲು ಸೇರಿದ, ನಾರುವ ನೀರು ನನ್ನ ಎದೆಗೆ ಹೊಡೆಯಿತು. ಕಾಲು ಜಾರಿ ಗಟಾರದಲ್ಲಿ ಕುಳಿತೆ. ಯಾರೂ ನಗಲಿಲ್ಲ. ನೀರು ಬೇಸಿಗೆಯಲ್ಲಿ ಸುಮ್ಮನೆ ಹರಿದು ಹೋಗುತ್ತಿದ್ದರೂ ಒಬ್ಬರೂ ಬೈಯಲಿಲ್ಲ. ಎಲ್ಲರೂ ಕೊಡ ಹಿಡಿದು ನಿಂತು ಅದರ ಬಣ್ಣ ನೋಡುತ್ತಿದ್ದರು. ಕಪ್ಪು ಹೋಗಿ ಕಂದಾಯಿತು, ಕಂದು ಹೋಗಿ ಬೂದುಬಣ್ಣವಾಯಿತು, ಕೊನೆಗೆ ತಿಳಿಯಾಯಿತು. ಗಟಾರದಲ್ಲೇ ಕುಳಿತು ಕೊಳವೆ ಹಿಡಿದೆ. ಹಳದಿ. ಸೈಕಲ್ ಟ್ಯೂಬು ಸುತ್ತಿದ ಕಟ್ಟಿಗೆಯ ತುಂಡನ್ನು ಪೈಪಿನ ಬಾಯಿಗೆ ಬಡಿದು ಎದ್ದೆ.

ಮಾವಶಿ ತನ್ನ ನಳದ ಹತ್ತಿರ ಹೋಗಲಿಲ್ಲ. ಖಾಲಿ ತಾಮ್ರದ ತಂಬಿಗೆ ಹಿಡಿದು, ಗಟಾರದಲ್ಲಿ ಹರಿದುಹೋದ ನೀರಿನ ಜಾಡನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದಳು.

ಸಾಹೇಬರು ಕರೆಸಿ ಬಾಯಿಗೆ ಬಂದಂತೆ ಬೈದರು. ಕೆಲಸ ಹೋಯಿತೆಂದೇ ತಿಳಿದು ಮನೆಗೆ ಬಂದು ಮಲಗಿದೆ. ಆದರೆ ಓಣಿಯ ಹೆಣ್ಣುಮಕ್ಕಳು ಅವರ ಕಚೇರಿಗೆ ಹೋಗಿ ಕುಳಿತರಂತೆ. ತುದಿಗೆ ವಾಲ್ವ್ ಬಂತು. ತಗ್ಗುಗಳು ಮುಚ್ಚಿದವು, ನಳಗಳು ಮೇಲೇರಿದವು. ಪ್ರತಿ ಸಲ ಮೊದಲ ನೀರು ಗಟಾರಕ್ಕೆ ಹೋಗತೊಡಗಿತು. ನನ್ನ ಬಾಟಲಿಗಳು ಕಪ್ಪಾಗುವುದು ನಿಂತಿತು. ನಾನು ಓಣಿಯಲ್ಲಿ ಎದೆ ಉಬ್ಬಿಸಿ ಓಡಾಡಿದೆ. ವಾರಗಟ್ಟಲೆ ಒಳಗೆ ಕುಳಿತಿರುತ್ತದೆ ಎಂದು ಡಾಕ್ಟರ್ ಹೇಳಿದ್ದನ್ನು ಮರೆತೆನೋ, ಮರೆತಂತೆ ಮಾಡಿದೆನೋ, ಗೊತ್ತಿಲ್ಲ.

ಮಾವಶಿಯ ಮಗಳಿಗೆ ಕಾಮಾಲೆಯಾದದ್ದು ಆಮೇಲೆ. ಮೊದಲು ಊಟ ಸೇರಲಿಲ್ಲ, ಬಸುರಿನಲ್ಲಿ ಹಾಗಾಗುತ್ತದೆ ಎಂದುಕೊಂಡರು. ಕಣ್ಣು ಹಳದಿಯಾದ ದಿನವೇ ಮಾತು ತೊದಲತೊಡಗಿತು. ಜೀಪಿನಲ್ಲಿ ಮಿರಜಿಗೆ ಒಯ್ದರು.

ಎರಡು ದಿನದ ಮೇಲೆ ನಾನು ಕುಡಚಿಯಿಂದ ರೈಲು ಹತ್ತಿ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಮಾವಶಿ ನೆಲದ ಮೇಲೆ ಕುಳಿತಿದ್ದಳು. ಅಳಿಯ ಗೋಡೆಗೆ ಒರಗಿ ನಿಂತಿದ್ದ. ನನ್ನನ್ನು ನೋಡಿ ಆತ ಮುಖ ತಿರುಗಿಸಿದ. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಮಗಳಿಗೆ ಇನ್ನೂ ಎಚ್ಚರವಿರಲಿಲ್ಲ. ನರ್ಸ್ ಬಂದು ಮರಾಠಿಯಲ್ಲಿ ಏನೋ ತರಲು ಹೇಳಿದಳು, ಅಳಿಯ ಹೋದ. ನಾನು ಕೈಯಲ್ಲಿದ್ದ ಬಾಳೆಹಣ್ಣಿನ ಚೀಲವನ್ನು ಮಾವಶಿಯ ಪಕ್ಕದಲ್ಲಿಟ್ಟೆ. ಅವಳು ಅದನ್ನು ನೋಡಲಿಲ್ಲ. ನಾನು ಅಲ್ಲಿಂದ ಬಂದೆ.

ಸ್ಟೇಷನ್ನಿನ ಎದುರು ಮಿಸಳ ತಿಂದೆ. ಒಂದು ಪ್ಲೇಟಲ್ಲ, ಎರಡು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಅದು ಖಾರದ್ದೇ. ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು, ನಿದ್ದೆ ಹೋದೆ. ಕುಡಚಿಯಲ್ಲಿ ಇಳಿಯುವುದು ತಪ್ಪಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದೆ. ಬೇರೆ ಯಾವಾಗಲಾದರೂ ಆಗಿದ್ದರೆ ಇದನ್ನು ಹೇಳಿ ನಗಿಸಬಹುದಿತ್ತು.

ಮಗಳು ಉಳಿದಳು. ಮಳೆಗಾಲ ಶುರುವಾಗುವ ಹೊತ್ತಿಗೆ ತವರಿಗೆ ಬಂದಳು. ನೀರಿನ ದಿನ ನಾನು ಆ ಮನೆಯ ನಳ ಬಿಟ್ಟು ಆಚೆಯ ಮನೆಯದನ್ನು ಹಿಡಿದು ಹೋಗುತ್ತಿದ್ದೆ. ಒಳಗಿನಿಂದ ಹೆಣ್ಣುದನಿಯ ಬೈಗಳು ಕೇಳಿಸುತ್ತಿದ್ದವು. ಅವು ನನಗೇ ಎಂದು ಗೊತ್ತಿತ್ತು. ಆಮೇಲೆ ಎರಡು ಸಲ ಓಣಿಗೇ ಹೋಗಲಿಲ್ಲ, ಚಾಚಾನ ಕೈಯಲ್ಲಿ ಕೊಳವೆ ಕೊಟ್ಟು ಕಳಿಸಿದೆ.

ಮಾವಶಿ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ನನ್ನನ್ನು ಹುಡುಕಿಕೊಂಡು ಬಂದಳು. ನಾನು ಎದ್ದು ನಿಂತೆ. ಕೂರು ಎಂದಳು. ತಾನು ನಿಂತೇ ಇದ್ದಳು.

"ಯಾಕ ಬರವಲ್ಲಿ?"

"ಬರ್ತೀನ್ರಿ ಮಾವಶಿ. ಕೆಲಸ ಇತ್ತು."

"ಸುಳ್ಳ ಹೇಳಬ್ಯಾಡ." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀ ಅವತ್ತ ಕುಡದು ತೋರಿಸಿದೆಲ್ಲ, ನಾ ನಂಬಲಿಲ್ಲ. ನಿನ್ನ ಮಾರಿ ನೋಡಿ ಯಾರ ನಂಬತಾರ? ಮಗಳಿಗೆ ದಿನಾ ಕುದಿಸಿ ಆರಿಸಿ ಕೊಟ್ಟೀನಿ. ಒಂದ ದಿನಾನೂ ತಪ್ಪಿಸಿಲ್ಲ."

ನನಗೆ ಅರ್ಥವಾಗಲಿಲ್ಲ. ಅವಳು ರಸ್ತೆಯ ಕಡೆ ನೋಡುತ್ತ ಹೇಳಿದಳು.

"ದೇವರ ತಂಬಿಗಿ ಕುದಸೂದಿಲ್ಲಲ್ಲ. ಕುದಿಸಿದ್ದು ದೇವರಿಗೆ ನಡಿಯೂದಿಲ್ಲ. ಮುಂಜಾನೆದ್ದ ಕೂಡ್ಲೆ ಅದರಾಗಿಂದ ಒಂದ ಗುಟುಕ ಆಕಿ ಬಾಯಾಗ ಬಿಡತಿದ್ದೆ. ಹೊಟ್ಟಿ ತಂಪ ಇರಲಿ ಅಂತ. ನನ್ನ ಕೈಲೆ."

ಅಂಗಡಿಯವನು ಚಹಾ ತಂದಿಟ್ಟ. ಅವಳು ಮುಟ್ಟಲಿಲ್ಲ.

"ಆಕಿಗೂ ಗೊತ್ತೈತಿ. ಆಕಿ ಅನ್ನೂದಿಲ್ಲ, ನಾನೂ ಅನ್ನೂದಿಲ್ಲ. ಇಬ್ಬರೂ ಕೂಡಿ ನಿನಗ ಬೈತೀವಿ. ನಿನಗ ಬೈಕೋತ ಕುಂತಾಗ ಆಕಿ ಎರಡ ತುತ್ತ ಉಣತಾಳ. ನೀ ಎರಡ ಸರ್ತಿ ಬರಲಿಲ್ಲ, ಆಕಿ ಉಣದ ತಾಟ ಮುಂದ ಹಂಗ ಕುಂತಾಳ. ಬಾರೋ ತಮ್ಮಾ. ನಮ್ಮನಿ ನಳಕ್ಕ ಬಾ. ಆಕಿಗೆ ಕಾಣುವಂಗ ನಿಂದರು."